ಅಮ್ಮನ ಎಡಗಿವಿ ಮತ್ತು ನನ್ನ ಗ್ಯಾಡೋಲಿನಿಯಂ

ಪಿಎಚ್‌ಡಿಯ ಐದು ವರ್ಷ ನಾನು ಮಾಡಿದ್ದು ಇಷ್ಟೇ: ಗ್ಯಾಡೋಲಿನಿಯಂ ಎಂಬ ಲೋಹವನ್ನು ಸಾವಯವ ಅಣುವಿನ ಪಂಜರದೊಳಗೆ ಕೂರಿಸಿ, ನೀರಿಗೆ ಬಿಟ್ಟು, ಅದು ಹೊರಗೆ ಬರುತ್ತದೋ ಎಂದು ಕಾಯುವುದು. ಗ್ಯಾಡೋಲಿನಿಯಂ ಸೇರಿದ ಲ್ಯಾಂಥನೈಡ್ ಲೋಹಗಳ ಬಳಗದ ಸಂಯುಕ್ತಗಳು ನೀರಿನಲ್ಲಿ ವೇಗವರ್ಧಕವಾಗಿ ದುಡಿಯುತ್ತವೆ, ಎಂಆರ್‌ಐ ಸ್ಕ್ಯಾನಿನಲ್ಲಿ ರೋಗದ ಜಾಗವನ್ನು ಬೆಳ್ಳಗೆ ತೋರಿಸುತ್ತವೆ. ನನ್ನದು ಎರಡನ್ನೂ ಮಾಡುತ್ತದೆ ಎಂದು ಪ್ರಬಂಧದ ಮೊದಲ ಪುಟದಲ್ಲಿ ಬರೆದಿದ್ದೆ. ಮೊದಲ ಪುಟದಲ್ಲಿ ಬರೆಯಲು ಯಾರ ಅಪ್ಪಣೆ ಬೇಕು? ಡಾಕ್ಟರೇಟ್ ಸಿಕ್ಕಿತು, ಅಮ್ಮ ನಮ್ಮೂರು ಅಘನಾಶಿನಿಯ ಮನೆಮನೆಗೆ ಪೇಡೆ ಹಂಚಿದಳು, ನಾನು ಕುಮಟಾದ ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ.

ಕಳೆದ ವರ್ಷ ಅಮ್ಮನ ಎಡಗಿವಿ ಕೇಳದಾಯಿತು. ನಡೆಯುವಾಗ ಓಲಾಡತೊಡಗಿದಳು. ತಲೆಯೊಳಗೆ ಗಡ್ಡೆಯಿರಬಹುದು, ಔಷಧಿ ಚುಚ್ಚಿ ಸ್ಕ್ಯಾನ್ ಮಾಡಿಸಲೇಬೇಕು, ತಡವಾದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ದಕ್ಷಿಣದ ದೊಡ್ಡ ಆಸ್ಪತ್ರೆಗೆ ಬಸ್ ಹತ್ತಿದೆವು. ನಮ್ಮ ಕಡೆಯವರ ಕಾಯಿಲೆಗಳಿಗೆ ಜಿಲ್ಲೆಯ ಗಡಿಯ ಭಟ್ಕಳ ದಾಟಿದ ಮೇಲೆಯೇ ಹೆಸರು ಸಿಗುವುದು.

ಹೊನ್ನಾವರದ ಸೇತುವೆಯ ಮೇಲೆ ನನಗೆ ಜ್ಞಾನ ಉಕ್ಕಿತು. ಅವಳ ಬಲಗಿವಿಗೆ ಬಾಯಿಟ್ಟು, ಚುಚ್ಚುವುದು ನಾನು ಓದಿದ ಗ್ಯಾಡೋಲಿನಿಯಂ ತಾನೇ, ಬರೀ ಲೋಹವಾದರೆ ವಿಷ, ಪಂಜರದೊಳಗಿದ್ದರೆ ಭದ್ರ, ಚಿಪ್ಪಿನೊಳಗಿನ ಬಳಚಿನ ಹಾಗೆ ಎಂದೆ. ಅಮ್ಮ ನಲವತ್ತು ವರ್ಷ ಹೊಳೆಗಿಳಿದು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಿದವಳು. ಮನೆಗೆ ತಂದು ನೀರಿಗೆ ಹಾಕಿ ಒಂದೊಂದನ್ನೇ ಬೆರಳಿಂದ ತಟ್ಟುತ್ತಾಳೆ. ತಟ್ಟಿದರೂ ಬಾಯಿ ಮುಚ್ಚದ್ದು ಸತ್ತದ್ದು, ಅದನ್ನು ಬಿಸಾಡುತ್ತಾಳೆ. ಅಂಥವಳಿಗೆ ಈ ಹೋಲಿಕೆ ಕೊಟ್ಟ ನನ್ನ ಬುದ್ಧಿಗೆ ಏನೆನ್ನಲಿ!

ಭಟ್ಕಳ ಬಂದಾಗ ಅಮ್ಮ ಕೇಳಿದಳು, "ನೀ ಮಾಡಿದ್ದು ನೀರಲ್ಲಿ ಬಾಯಿ ಬಿಡೂದಿಲ್ಲ ಅಂತ ನೋಡಿದ್ಯಾ?"

"ನೋಡಿದ್ದೆ."

"ಎಂತ ಕಂಡ್ತು? ಸಮಾ ಹೇಳು."

ನಾನು ಕಿಟಕಿಯ ಕಡೆ ತಿರುಗಿದೆ.

ಆಸ್ಪತ್ರೆಯಲ್ಲಿ ಮೂಗುಬೊಟ್ಟು ಬಿಚ್ಚಲು ಹೇಳಿದ್ದೇ ತಡ, ಅಮ್ಮ ರೇಗಿದಳು. "ಮೈಮೇಲಿನ ಲೋಹ ತೆಗೀಬೇಕು, ಮೈಯೊಳಗೆ ಲೋಹ ಚುಚ್ಚೂದು. ಚಂದ ನ್ಯಾಯ! ಈ ಮಗಳು ಸಮಾ ಹೇಳೂವರೆಗೆ ನಾ ಏಳೂದಿಲ್ಲ." ನರ್ಸ್ ಎರಡು ಸಲ ಕರೆದಳು. ಮೂರನೆಯ ಸಲಕ್ಕೆ ಸರದಿ ತಪ್ಪಿದರೆ ಮತ್ತೆ ಅಮ್ಮನನ್ನು ಇಲ್ಲಿಯವರೆಗೆ ಕರೆತರುವುದು ನನ್ನಿಂದಾಗದ ಮಾತು. ನನಗೆ ಅಳುವೇ ಬಂತು.

"ನಂದು ಬಾಯಿ ಬಿಟ್ಟಿತ್ತು ಅಮ್ಮ," ಎಂದೆ. "ಎರಡೇ ದಿನಕ್ಕೆ ಲೋಹ ಎಲ್ಲ ನೀರಿಗೆ ಬಂತು. ಕೊನೇ ಪುಟದಲ್ಲಿ ಬರ್ದಿದ್ದೆ, ಅಲ್ಲಿವರೆಗೆ ಯಾರೂ ಓದೂದಿಲ್ಲ. ಇಲ್ಲಿ ಚುಚ್ಚೂದು ಬೇರೆಯವರು ಮಾಡಿದ್ದು. ಗಟ್ಟಿ ಪಂಜರ."

"ಹಂಗಾರೆ ನೀ ಮಾಡಿದ್ದಲ್ಲ?"

"ಅಲ್ಲ."

"ದೇವ್ರು ದೊಡ್ಡವ! ಆತು, ಚುಚ್ಲಿ," ಎಂದು ಅಮ್ಮ ಮೂಗುಬೊಟ್ಟು ಬಿಚ್ಚಿ ನನ್ನ ಕೈಗಿಟ್ಟು ಒಳಗೆ ನಡೆದಳು. ಪೇಡೆಯ ವಿಷಯ ಎತ್ತಲಿಲ್ಲ, ಅದು ಅವಳ ದೊಡ್ಡತನ.

ರಸಾಯನಶಾಸ್ತ್ರದವಳೆಂದು ಹೇಳಿಕೊಂಡು ನಾನು ಯಂತ್ರದ ಕೋಣೆಯ ಗಾಜಿನ ಈಚೆ ನಿಂತೆ. ತೆರೆಯ ಮೇಲೆ, ಎಡಗಿವಿಯ ಒಳಬದಿಯಲ್ಲಿ, ಕಡಲೆಕಾಳಿನಷ್ಟು ಗಡ್ಡೆ ಬೆಳ್ಳಗೆ ಬೆಳಗಿತು. ಅಬ್ಬಾ, ಎಷ್ಟು ಸ್ಪಷ್ಟ! ಐದು ವರ್ಷ ಇಂಥದ್ದೊಂದೇ ಚಿತ್ರಕ್ಕೆ ಹಂಬಲಿಸಿದ್ದೆ. ಖುಷಿಯಲ್ಲಿ ಮುಷ್ಟಿ ಬಿಗಿದೆ. ಅಂಗೈಗೆ ಅಮ್ಮನ ಮೂಗುಬೊಟ್ಟು ಚುಚ್ಚಿತು.