ಬೊಳ್ಳಮ್ಮಕ್ಕನ ಪ್ರೂನಿಂಗ್

ಬೊಳ್ಳಮ್ಮಕ್ಕನ ಮೇಜಿನ ಮೇಲೆ ಮೌಸಿನ ಪಕ್ಕದಲ್ಲೇ ಕಾಫಿ ಗಿಡ ಸವರುವ ಕತ್ತರಿ ಇರುತ್ತಿತ್ತು. ಬೆಳಿಗ್ಗೆ ತೋಟಕ್ಕೊಂದು ಸುತ್ತು ಹಾಕಿಯೇ ಅವರು ಅಮ್ಮತ್ತಿಯ ನಮ್ಮ ಆಫೀಸಿಗೆ ಬರುತ್ತಿದ್ದದ್ದು. ಕತ್ತರಿಗೆ ಅಂಟಿದ ಹಸಿ ಸಿಪ್ಪೆಯನ್ನು ಒರೆಸಿಟ್ಟು, ಕಂಪ್ಯೂಟರ್ ಹಾಕಿ, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುವರು. ಟೀ ಆಮೇಲೆ.

ನಮ್ಮದು ಐದು ಜನರ ಆಫೀಸು. ಆನೆ ಎಲ್ಲಿದೆ ಎಂದು ತೋಟದ ಕೆಲಸದವರಿಗೆ ತಿಳಿಸುವ ಆ್ಯಪ್ ಮಾಡುತ್ತೇವೆ; ಅದನ್ನು ಪರೀಕ್ಷಿಸುವವಳು ನಾನು. ಆ್ಯಪ್ ಕಟ್ಟುವಾಗೆಲ್ಲ ಕಂಪ್ಯೂಟರು ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದನ್ನೂ ಅರ್ಧ ಮಾಡಿದ ಕೆಲಸವನ್ನೂ ಮುಂದಿನ ಸಲಕ್ಕಿರಲಿ ಎಂದು ಕೂಡಿಡುತ್ತದೆ. ಅದೇ ಬಿಲ್ಡ್ ಕ್ಯಾಶ್. ಸುಮ್ಮನೆ ಬಿಟ್ಟರೆ ಡಿಸ್ಕೇ ತುಂಬಿಹೋಗುತ್ತದೆ. ಅದನ್ನು ತೆಗೆಯುವ ಆಜ್ಞೆಯ ಹೆಸರು 'ಪ್ರೂನ್', ಅಂದರೆ ಗಿಡ ಸವರು. "ಇದನ್ನ ಬರೆದವನಿಗೂ ಎಲ್ಲೋ ಒಂದು ಎಸ್ಟೇಟ್ ಇದ್ದಿರ್ಬೇಕು" ಎಂದು ಬೊಳ್ಳಮ್ಮಕ್ಕ ನಗುತ್ತಿದ್ದರು.

ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದ ಒಂದು ಮಧ್ಯಾಹ್ನ ನಮ್ಮ ಆ್ಯಪ್ ತಿತಿಮತಿ ಕಡೆಯ ಆನೆಯನ್ನು ನಿನ್ನೆಯ ಜಾಗದಲ್ಲೇ ತೋರಿಸತೊಡಗಿತು. ನಾಲ್ಕೂವರೆಗೆ ಕೆಲಸದವರು ಅದನ್ನೇ ನಂಬಿ ಲೈನಿಗೆ, ಅಂದರೆ ತಮ್ಮ ಸಾಲುಮನೆಗಳಿಗೆ, ನಡೆದು ಹೊರಡುವವರು. ತಪ್ಪನ್ನು ತಿದ್ದಿಯಾಗಿತ್ತು, ಆದರೆ ಹೊಸ ಆ್ಯಪ್ ಕಟ್ಟಲು ನನ್ನ ಕಂಪ್ಯೂಟರಿನ ಡಿಸ್ಕಿನಲ್ಲಿ ಜಾಗವಿಲ್ಲ. ಬೊಳ್ಳಮ್ಮಕ್ಕ ಊಟಕ್ಕೆ ಹೋಗಿದ್ದರು. ನಾನೇ ಧೈರ್ಯ ಮಾಡಿದೆ. ಅವರು ವಾಪಸ್ ಬಂದೊಡನೆ ಹೇಳಿದೆ:

"ಅಕ್ಕಾ, ಎಲ್ಲ ಪ್ರೂನ್ ಮಾಡ್ಬಿಟ್ಟೆ!"

"ಎಲ್ಲಾ?" ಬಾಗಿಲಲ್ಲೇ ನಿಂತರು. "ಪ್ರೂನಿಂಗ್ ಮಾಡು ಅಂದ್ರೆ ಬುಡಕ್ಕೇ ಕೊಡಲಿ ಹಾಕ್ತಾರಾ ಮಾರಾಯ್ತಿ?"

ಆಗಷ್ಟೇ ನನಗೆ ಹೊಳೆದದ್ದು: ಅಳಿಸಿದ್ದನ್ನೆಲ್ಲ ಮತ್ತೆ ಇಳಿಸಿಕೊಳ್ಳಬೇಕು, ಅವತ್ತಿನ ನಿಧಾನದ ನೆಟ್ಟಿಗೆ ಅದು ಮರುದಿನದ ಮಾತು. ಅವರು ಬೈಯುತ್ತ ಕೂರಲಿಲ್ಲ. ಮೊದಲು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ನೋಡುವ ರೈಟರಿಗೆ ಫೋನ್ ಮಾಡಿದರು. "ಇವತ್ತು ಆ್ಯಪ್ ನಂಬ್ಬೇಡಿ. ನಾನು ಹೇಳೋ ತನಕ ಒಬ್ರನ್ನೂ ಬಿಡ್ಬೇಡಿ." ಆಮೇಲೆ ತಮ್ಮ ಲ್ಯಾಪ್‌ಟಾಪಿನಲ್ಲಿದ್ದ ಕ್ಯಾಶನ್ನು ಪೆನ್‌ಡ್ರೈವಿಗೆ ತುಂಬಿ ನನ್ನ ಕಂಪ್ಯೂಟರಿಗೆ ಹಾಕಿದರು. ನಾಲ್ಕೂಕಾಲಿಗೆ ಹೊಸ ಆ್ಯಪ್ ಹೊರಟಿತು. ಆನೆ ಲೈನಿನ ದಾರಿಯಲ್ಲೇ ಇತ್ತು. ಜನ ಜೀಪಿನಲ್ಲಿ ಸುತ್ತಿಕೊಂಡು ಮನೆ ಸೇರಿದರು.

ಮರುದಿನ ಬೆಳಿಗ್ಗೆ ನನ್ನನ್ನು ತೋಟಕ್ಕೆ ಕರೆದೊಯ್ದು ಒಂದು ಗಿಡದ ಮುಂದೆ ನಿಲ್ಲಿಸಿದರು. "ಇದು ಒಣಗಿದ್ದು, ತೆಗಿ. ಇದು ಬರೀ ಚಿಗುರು, ತೆಗಿ. ಇದ್ರಲ್ಲಿ ಮುಂದಿನ ವರ್ಷದ ಕಾಯಿ ಇದೆ, ಕೈ ಹಾಕ್ಬೇಡ." ಆಫೀಸಿಗೆ ಬಂದು ಅದನ್ನೇ ಪರದೆಯ ಮೇಲೆ ತೋರಿಸಿದರು: ತಿಂಗಳಿಂದ ಯಾರೂ ಮುಟ್ಟದ್ದು ಹೋಗಲಿ, ದಿನಾ ಬೇಕಾದದ್ದು ಇರಲಿ.

ಹೋದ ವರ್ಷ ಅವರು ಕೆಲಸ ಬಿಟ್ಟು ಹುದಿಕೇರಿಯ ತಂಗಿಯ ತೋಟ ನೋಡಿಕೊಳ್ಳಲು ಹೋದರು. ಕತ್ತರಿಯೂ ಹೋಯಿತು. ಮೇಜಿನ ಮೇಲೆ ಅದರ ತುಕ್ಕಿನ ಗುರುತೊಂದು ಉಳಿದಿದೆ, ನಾನು ಒರೆಸಿಲ್ಲ.

ಮೊನ್ನೆ ಮತ್ತೆ ಡಿಸ್ಕ್ ತುಂಬಿತು. ಕೆಲಸ ಮುಗಿಸಿ ಫೋನ್ ಮಾಡಿದೆ.

"ಏನು ತೆಗ್ದೆ?"

"ತಿಂಗಳಿಂದ ಮುಟ್ಟದ್ದು."

"ದಿನಾ ಬೇಕಾದದ್ದು?"

"ಹಾಗೇ ಇದೆ ಅಕ್ಕ. ಹೊಸ ಆ್ಯಪೂ ಕಳ್ಸಿ ಆಯ್ತು."

ಆ ಕಡೆ ಕತ್ತರಿಯ ಕಚಕ್ ಸದ್ದು ಎರಡು ಸಲ ಕೇಳಿಸಿತು.

"ಮತ್ತೆ ನಂಗ್ಯಾಕೆ ಫೋನು?" ಎಂದು ಇಟ್ಟೇಬಿಟ್ಟರು.