ಸಣ್ಣ ಅಕ್ಷರದ ಪುಸ್ತಕಗಳು ಮೊದಲು

ಮಿನ್ನೆಸೋಟದ ನಮ್ಮ ಸೀಮೆಯಲ್ಲಿ ಪುಸ್ತಕ ಕೊಡುವ ಗ್ರಂಥಪಾಲಕರಿಗೆ ಕೊರತೆಯಿಲ್ಲ. ಆದರೆ ಪಶ್ಚಿಮದ ಮಹಾಗ್ರಂಥಗಳನ್ನು ಯಾರು, ಯಾವ ಕ್ರಮದಲ್ಲಿ, ಎಷ್ಟು ವರ್ಷಗಳಲ್ಲಿ ಓದಬೇಕೆಂದು ಆಳು ನೋಡಿ ಯೋಜನೆ ಹಾಕಿಕೊಟ್ಟವರು ಶ್ರೀಮತಿ ಆಲ್ವೀನಾ ಟಾರ್ಕೆಲ್ಸನ್ ಒಬ್ಬರೇ. ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಇಪ್ಪತ್ತಾರು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತ ನನಗೆ ಈ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಬರೆಯಲು ಗ್ರಂಥಾಲಯದವರು ಹೇಳಿದ್ದಾರೆ. ದಣಿದ ಕೈ ಬರೆಯುತ್ತಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರಿನವರದು ಬರೀ ಆರಂಭಶೂರತನ. ಹೊಸವರ್ಷದ ಮೊದಲ ವಾರ ಪಟ್ಟಿ ಹಿಡಿದು ಬರುತ್ತಾರೆ; ಯಾವುದೇ ಕೆಲಸ ಬುಡದಿಂದಲೇ ಆಗಬೇಕೆಂದು ಗ್ರೀಕರಿಂದ ತೊಡಗುತ್ತಾರೆ; ಈಸ್ಟರ್ ಹೊತ್ತಿಗೆ ಕೈಚೆಲ್ಲುತ್ತಾರೆ. ನಮ್ಮ ಗ್ರೀಕ್ ಸಂಪುಟಗಳಲ್ಲಿ ಮೊದಲ ಅರವತ್ತು ಪುಟ ಕಾಫಿ ಕಲೆ, ಅಲ್ಲಿಂದಾಚೆ ಅಚ್ಚಾದ ದಿನದ ಬಿಳುಪು.

ಹೈನುಗಾರ ಓರ್ವಿಲ್ ಸ್ಕೊಗ್ಲಂಡ್ ಹೀಗೇ ಬಂದ ದಿನ ನೆನಪಿದೆ.

“ದಿನಾ ಎಷ್ಟೊತ್ತಿಗೆ ಸುಸ್ತಾಗ್ತೀರಿ, ಓರ್ವಿಲ್?” ಎಂದು ಆಲ್ವೀನಾ ಕೇಳಿದರು.

“ಎದ್ದ ತಕ್ಷಣ.”

“ಹಾಗಾದ್ರೆ ಗ್ರೀಕರು ಕಾಯ್ಲಿ. ಇಷ್ಟು ಸಾವಿರ ವರ್ಷ ಕಾದಿದ್ದಾರೆ. ನಿಮ್ಮ ಹಸು ಕಾಯಲ್ಲ.”

ಹಾಲು ಕರೆಯುವ ಬಿಡುವಿನಲ್ಲಿ ಮುಗಿಯುವ ಪುಟ್ಟ ಪ್ರಬಂಧಗಳನ್ನು, ಆಮೇಲೆ ನಗೆನಾಟಕಗಳನ್ನು ಪಟ್ಟಿ ಮಾಡಿಕೊಟ್ಟರು. ಏಳು ವರ್ಷಗಳ ನಂತರ ಆತ ಗ್ರೀಕರ ಯುದ್ಧಕಾವ್ಯವನ್ನೂ ಓದಿ ಮುಗಿಸಿ ಬಂದು, “ಇಷ್ಟು ಜಗಳಕ್ಕೆ ಹತ್ತು ವರ್ಷ ಬೇಕಿತ್ತಾ? ನಮ್ಮ ಚರ್ಚ್ ಕಮಿಟಿ ಒಂದೇ ಸಂಜೇಲಿ ಮಾಡುತ್ತೆ” ಎಂದ.

ನನ್ನ ಪತ್ನಿ ಆಸ್ಪತ್ರೆಯಲ್ಲಿದ್ದ ಐದು ವಾರ ನನ್ನ ಮೇಜಿನ ಕೆಲಸವನ್ನೂ ಅವರೇ ನೋಡಿಕೊಂಡರು. ಒಮ್ಮೆಯೂ ಆಡಿ ತೋರಿಸಲಿಲ್ಲ. ಇಂಥ ವಾರಗಳೆಲ್ಲ ಎಲ್ಲಿಂದ ಬರುತ್ತಿದ್ದವೆಂದು ನಾವು ಯಾರೂ ಕೇಳಲಿಲ್ಲ. ಅವರ ಸ್ವಂತ ಓದಿನ ಸಮಯದಿಂದ ಬರುತ್ತಿದ್ದವು. ಮೂವತ್ತರ ವಯಸ್ಸಿನಲ್ಲಿ ತಮಗೆಂದೇ ಬರೆದುಕೊಂಡ ನೂರು ಪುಸ್ತಕಗಳ ಯೋಜನೆಯಲ್ಲಿ ನಲವತ್ತೊಂದು ಹಾಗೇ ಉಳಿದಿವೆ. ನಿವೃತ್ತಿಯಾದ ಮೇಲೆ ನೋಡೋಣ ಎನ್ನುತ್ತಲೇ ಬಂದರು. ಈ ಮಾರ್ಚಿನಲ್ಲಿ ವೈದ್ಯರು, ಕಣ್ಣು ಇನ್ನೆರಡು ವರ್ಷ ಅಕ್ಷರ ಹಿಡಿದರೆ ಹೆಚ್ಚು ಎಂದರು. ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅದೂ ನನ್ನ ಮೇಲೆಯೇ.

ಕಳೆದ ವಾರ ಅವರು ಯೋಜನೆಯನ್ನು ಹೊಸದಾಗಿ ಬರೆದರು. ಶತಮಾನಗಳ ಕ್ರಮವನ್ನು ಬಿಟ್ಟು ಅಚ್ಚಿನ ಗಾತ್ರದ ಕ್ರಮ ಹಿಡಿದಿದ್ದರು: ಸಣ್ಣ ಅಕ್ಷರದವು ಈ ವರ್ಷ, ದಪ್ಪ ಅಕ್ಷರದವು ಬರುವ ವರ್ಷ. ಕೊನೆಯಲ್ಲಿ ಹದಿನಾಲ್ಕು ಪುಸ್ತಕಗಳು ಬೇರೆಯಾಗಿದ್ದವು.

“ಇವು?” ಎಂದೆ.

“ಅವು ಕೇಳೋಕೆ.”

“ಯಾರ ಬಾಯಿಂದ?”

ಅವರು ಹಾಳೆಯನ್ನು ನನ್ನತ್ತ ತಿರುಗಿಸಿದರು. ಪ್ರಕಾಶಕರ ಹೆಸರಿರಬೇಕಾದ ಕಡೆ ಹದಿನಾಲ್ಕು ಸಾಲಿನಲ್ಲೂ ನನ್ನ ಹೆಸರಿತ್ತು.

“ಕೇಳ್ದೇನೇ ಬರ್ಕೊಂಡೆ, ವೆಂಡೆಲ್. ಬೇಜಾರಿಲ್ಲ ತಾನೆ?”

“ಹತ್ತು ಪುಟಕ್ಕೇ ನನ್ನ ಗಂಟಲು ಕಟ್ಟುತ್ತೆ, ಆಲ್ವೀನಾ.”

“ಹತ್ತೇ ಸಾಕು. ವಾರಕ್ಕೆರಡು ದಿನ ಬನ್ನಿ. ಒಂಬತ್ತು ವರ್ಷದಲ್ಲಿ ಮುಗಿಯುತ್ತೆ.”

ನನಗೀಗ ಅರವತ್ತನಾಲ್ಕು. ಒಪ್ಪಿಕೊಂಡಿದ್ದೇನೆ. ಆದ್ದರಿಂದ ಈ ಸಂಪುಟದ ಓದುಗರು ಶ್ರೀಮತಿ ಆಲ್ವೀನಾ ಅವರಿಗೆ ದೀರ್ಘಾಯುಷ್ಯ ಕೋರುವಾಗ, ದಯವಿಟ್ಟು ನನ್ನನ್ನೂ ಸೇರಿಸಿಕೊಳ್ಳಬೇಕು.