ಹಗ್ಗದ ಈಚೆ ನಿಂತ ಗೊಲ್ಲಾಳಪ್ಪ

ಗೊಲ್ಲಾಳಪ್ಪ ಸುರಪುರ ಕಡೆಯವನು. ಹೈದರಾಬಾದಿಗೆ ಬಂದ ಹೊಸದರಲ್ಲಿ ಕಟ್ಟಡಗಳಲ್ಲಿ ಗಾರೆ ಹೊತ್ತ. ಆಮೇಲೆ ಸ್ಟೀರಿಂಗ್ ಹಿಡಿದ. ಪ್ರತಿವರ್ಷ ಕಾಲೇಜು ಹುಡುಗರನ್ನು ಬಸ್ಸಿನಲ್ಲಿ ಅಧ್ಯಯನ ಪ್ರವಾಸಕ್ಕೆ ಒಯ್ಯುವ ಕೆಲಸ ಅವನದೇ. ನೀರಿನಿಂದ, ಬಿಸಿಲಿನಿಂದ ಕರೆಂಟ್ ಹೇಗೆ ಬರುತ್ತದೆಂದು ಅವರು ನೋಡಿ ಬರುತ್ತಿದ್ದರು. ಅವನು ನೋಡುತ್ತಿದ್ದದ್ದು ಪಾರ್ಕಿಂಗ್ ಜಾಗ ಮಾತ್ರ.

ಈ ಸಲ ಹೊರಡುವ ಮೊದಲೇ ಲೆಕ್ಚರರ್ ವಿಜಯಶ್ರೀಯವರನ್ನು ಕೇಳಿದ. ಅವರು ಧಾರವಾಡದ ಕಡೆಯವರು. ತಂದೆಯ ಕಾರ್ಖಾನೆ ನೌಕರಿಯಿಂದಾಗಿ ಇಲ್ಲೇ ಬೆಳೆದವರು.

"ಮೇಡಂ, ಈ ಸಲ ನಾನೂ ನಿಮ್ಮ ಕೂಡ ಬರ್ತೀನ್ರಿ. ಜಲಪಾತ ಅಂಬೋದು ಕಣ್ಣಿಲೆ ಕಂಡಿಲ್ರಿ."

"ಬರ್ರಿ ಗೊಲ್ಲಾಳಪ್ಪ, ಅದಕ್ಕೇನು ಕೇಳೂದು?"

ಮೊದಲು ಸೋಲಾರ್ ಪ್ಲಾಂಟ್. ಗೇಟಿನ ಕಾವಲುಗಾರ "ಡ್ರೈವರ್ ಬಾಹರ್" ಎಂದು ಅವನನ್ನು ತಡೆದ. ವಿಜಯಶ್ರೀ ಹುಡುಗರ ಜೊತೆ ಮಾತಾಡುತ್ತ ಆಗಲೇ ಒಳಗೆ ಹೋಗಿದ್ದರು. ಗೊಲ್ಲಾಳಪ್ಪ ಬೇಲಿಯಾಚೆಯ ಪ್ಯಾನೆಲ್‌ಗಳ ಬೆನ್ನು ನೋಡುತ್ತ ಬಿಸಿಲಲ್ಲಿ ನಿಂತ. ಇರಲಿ, ನನಗೆ ಬೇಕಾದದ್ದು ನೀರು ಎಂದುಕೊಂಡ.

ಆದಿಲಾಬಾದ್ ಕಡೆಯ ಜಲಪಾತ ಮುಟ್ಟುವಾಗ ಹೊತ್ತು ಇಳಿದಿತ್ತು. ಎಲ್ಲರ ಹಿಂದೆ ಅವನೂ ಮೆಟ್ಟಿಲಿಳಿದ. ತಂಪುಗಾಳಿ ಬೀಸಿತು, ಮರಗಳ ಹಿಂದೆ ನೀರಿನ ಭೋರ್ಗರೆತ ಕೇಳಿತು. ಅಷ್ಟರಲ್ಲಿ ಫೋನು. ಬಸ್ಸಿನ ಗಾಜಿನ ಮೇಲಿದ್ದ ನಂಬರ್ ನೋಡಿ ಪಾರ್ಕಿಂಗಿನವನು ಕರೆದಿದ್ದ: ಬಸ್ಸು ಅಡ್ಡ ನಿಂತಿದೆ, ಕೂಡಲೇ ತೆಗೆ.

ಏದುಸಿರು ಬಿಡುತ್ತ ಹತ್ತಿ, ಬಸ್ಸು ಸರಿಸಿ, ಓಡಿಬಂದರೆ ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿದ್ದರು. ಹೊತ್ತಾಯಿತು, ಇನ್ನು ಯಾರನ್ನೂ ಇಳಿಸುವುದಿಲ್ಲ ಎಂದ ಗಾರ್ಡ್.

"ಭಾಯ್, ದೋ ಮಿನಿಟ್." ಕೈಮುಗಿದ. ಗಾರ್ಡ್ ಮುಖ ತಿರುಗಿಸಿದ.

ಹುಡುಗರು ತೊಯ್ದ ಬಟ್ಟೆಯಲ್ಲಿ ನಗುತ್ತ ಬಂದರು. ಬಸ್ಸು ಹತ್ತಿದವರೇ ಹಾಡು ಹಾಕೆಂದು ತೆಲುಗಿನಲ್ಲಿ ಕೂಗಿದರು. ಗೊಲ್ಲಾಳಪ್ಪ ಕೀಲಿ ಜೇಬಿಗಿಳಿಸಿ, ಹೊರಗೆ ಬಂಡೆಯ ಮೇಲೆ ಕುಳಿತುಬಿಟ್ಟ.

"ಯಾಕ್ರಿ, ಏನಾತು?" ವಿಜಯಶ್ರೀ ಕೇಳಿದರು.

"ಕರಕೊಂಡು ಬರಾಕ ನಾನು ಬೇಕ್ರಿ, ನೋಡಾಕ ನಾನು ಬ್ಯಾಡ. ಆ ಸೋಲಾರ್ ಗೇಟಿನ್ಯಾಗ ಒಮ್ಮೆರ ಹೊಳ್ಳಿ ನೋಡಿದ್ರೇನ್ರಿ?"

ಅವರು ಹಗ್ಗದ ಕಡೆ ತಿರುಗಿದರು. ಹೋಗಿ ಗಾರ್ಡ್ ಜೊತೆ ವಾದಿಸಿದರು, ಅವನು ಹಗ್ಗ ಬಿಚ್ಚಲಿಲ್ಲ. ಮರಳಿ ಬಂದು ಮೊಬೈಲ್ ಚಾಚಿದರು. "ವಿಡಿಯೊ ಮಾಡೇನಿ, ನೋಡ್ತೀರೇನ್ರಿ?"

"ಬ್ಯಾಡ್ರಿ," ಎಂದು ಎದ್ದು ಬಸ್ಸು ಚಾಲೂ ಮಾಡಿದ.

ದಾರಿಯ ಧಾಬಾದಲ್ಲಿ ವಿಜಯಶ್ರೀಯವರೇ ಕುರ್ಚಿ ಎಳೆದಿಟ್ಟು ಊಟಕ್ಕೆ ಕರೆದರು. ಹಸಿವಿಲ್ಲವೆಂದ. ಹಸಿವಿತ್ತು.

ಹೈದರಾಬಾದಿಗೆ ಮರಳಿದವನೇ ಇನ್ನು ಟೂರ್ ಬೇಡವೆಂದು ಬಸ್ಸಿನ ಮಾಲಕನಿಗೆ ಹೇಳಿದ. ಈಗ ಅಲ್ಲೇ ನಾಚಾರಂನ ಕಾರ್ಖಾನೆಯೊಂದರ ಸ್ಟಾಫ್ ಬಸ್ಸು ಓಡಿಸುತ್ತಾನೆ. ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆಂದು ಹೆಂಡತಿ ಗದಿಗೆಮ್ಮನಿಗೆ ಸಂತೋಷ. ಅವನ ಸಿಟ್ಟು ಮಾತ್ರ ಇಳಿದಿಲ್ಲ. ಯಾರ ಮೇಲೆಂದು ಕೇಳಿದರೆ ಅವನಿಗೂ ಸರಿಯಾಗಿ ಹೇಳಲು ಬರುವುದಿಲ್ಲ.